ಧಾರವಾಡದ ವಿದ್ಯಾರ್ಥಿ ನಿಲಯ ಮತ್ತು ಡಾ. ಭೀಮರಾವ್ ಅಂಬೇಡ್ಕರರು

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ವಿದ್ಯಾಭ್ಯಾಸದ ಕುರಿತು ಒಬ್ಬ ಮಹನೀಯರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿಕೊಂಡಾಗ, ಅವರ ಮನಸ್ಸಿನಲ್ಲಿ ಯಾರೋ ಒಬ್ಬ ಸಂತರ ಅಥವಾ ಮಿಶನರಿ ಗುರುಗಳ ಹೆಸರಿತ್ತೆಂದು ನಾವು ಬಲ್ಲೆವು. ಅಂಥವರ ಚರಿತ್ರೆಗಳು ಈ ಸಂಚಿಕೆಯಲ್ಲಿ ಬೇರೆಡೆ ಸಾಕಷ್ಟು ಬಂದಿವೆ. ನಾವು ಆರಿಸಿಕೊಂಡವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಅವರ ಭಾವಚಿತ್ರ ನಮ್ಮ ರೋಣ, ನರಗುಂದ, ಗಜೇಂದ್ರಗಡದ ಪ್ರತಿಯೊಂದು ಕಚೇರಿಯಲ್ಲಿಯೂ ತೂಗುತ್ತದೆ. ಅವರನ್ನು ಸಂವಿಧಾನದ ಶಿಲ್ಪಿಯೆಂದು ನಾವೆಲ್ಲರೂ ಬಲ್ಲೆವು. ಆದರೆ ಹಳ್ಳಿಯ ಬಡ ಹುಡುಗನನ್ನು ಪ್ರೌಢಶಾಲೆಯಿಂದ ಕಾಲೇಜಿನ ಬಾಗಿಲಿಗೆ ಮುಟ್ಟಿಸುವುದು ಹೇಗೆಂಬ ಪ್ರಶ್ನೆಯನ್ನು ಅವರು ಕೈಗೆತ್ತಿಕೊಂಡು, ಅದಕ್ಕಾಗಿ ಧಾರವಾಡದಲ್ಲಿಯೇ ಒಂದು ಮನೆ ಮಾಡಿದ್ದರೆಂಬುದನ್ನು ಬಲ್ಲವರು ವಿರಳ. ಆ ಕಾಲದಲ್ಲಿ ನಮ್ಮ ರೋಣ ಮತ್ತು ನರಗುಂದಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಆದುದರಿಂದ ಇದು ನಮ್ಮ ಊರಿನ ಕಥೆಯೂ ಹೌದು.

ಭೀಮರಾಯರು 1891ನೆಯ ಎಪ್ರಿಲ್ 14ರಂದು ಮಧ್ಯ ಭಾರತದ ಮಹೂ ಎಂಬ ದಂಡಿನ ಊರಿನಲ್ಲಿ ಜನಿಸಿದರು. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದು, ದಂಡಿನ ಶಾಲೆಯಲ್ಲಿ ಅಧ್ಯಾಪಕರಾಗಿಯೂ ಕೆಲಸ ಮಾಡಿದ್ದವರು. ತಾಯಿ ಭೀಮಾಬಾಯಿಯವರು ಮಗ ಇನ್ನೂ ಎಳೆಯವನಾಗಿರುವಾಗಲೇ ತೀರಿಕೊಂಡರು. ಮಹಾರರ ಕುಲದಲ್ಲಿ ಹುಟ್ಟಿದ ಈ ಬಾಲಕನಿಗೆ ಓದು ಬಲ್ಲ ತಂದೆಯಿದ್ದದ್ದು ಆ ಕಾಲಕ್ಕೆ ಅಪರೂಪದ ಭಾಗ್ಯ. ಆದರೆ ಆ ಮನೆಯಲ್ಲಿ ಪ್ರೌಢಶಾಲೆಯ ಕೊನೆಯನ್ನು ಕಂಡವರು, ಕಾಲೇಜಿನ ಮೆಟ್ಟಿಲನ್ನು ತುಳಿದವರು ಅದುವರೆಗೆ ಯಾರೂ ಇರಲಿಲ್ಲ.

ಸಾತಾರೆಯ ಶಾಲೆಯಲ್ಲಿ ಅವನು ಕುಳಿತುಕೊಳ್ಳಲು ಮನೆಯಿಂದಲೇ ಗೋಣಿತಟ್ಟನ್ನು ಒಯ್ಯಬೇಕಾಗಿತ್ತು. ಸಂಜೆ ಅದನ್ನು ಮನೆಗೆ ಮರಳಿ ತರಬೇಕು. ಶಾಲೆಯ ಕಸ ಗುಡಿಸುವವನೂ ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ನಲ್ಲಿಯನ್ನು ತಾನೇ ತಿರುಗಿಸುವಂತಿಲ್ಲ. ಶಾಲೆಯ ಜವಾನನು ಬಂದು ತಿರುಗಿಸಬೇಕು. ಜವಾನ ರಜೆಯಲ್ಲಿದ್ದ ದಿನ ನೀರೂ ಇಲ್ಲ. ಸಮಾರ್ಯದ ಸ್ತ್ರೀಯ ಬಾವಿಯ ಕಟ್ಟೆಯ ಮೇಲೆ ಕುಳಿತು ನೀರು ಬೇಡಿದ ನಮ್ಮ ಪ್ರಭುವಿನ ಚರಿತ್ರೆಯನ್ನು ಓದುವಾಗಲೆಲ್ಲ ನಮಗೆ ಈ ನಲ್ಲಿಯ ನೆನಪಾಗುತ್ತದೆ. ಒಮ್ಮೆ ಗೋರೆಗಾಂವದಲ್ಲಿ ನೌಕರಿಯಲ್ಲಿದ್ದ ತಂದೆಯನ್ನು ಕಾಣಲು ಮಕ್ಕಳು ರೈಲಿನಲ್ಲಿ ಹೊರಟರು. ಬರುವ ಸುದ್ದಿಯನ್ನು ತಿಳಿಸಿದ ಪತ್ರ ತಂದೆಯ ಕೈಸೇರಿರಲಿಲ್ಲ. ನಿಲ್ದಾಣಕ್ಕೆ ಯಾರೂ ಬಂದಿರಲಿಲ್ಲ. ಮಕ್ಕಳ ಜಾತಿ ತಿಳಿಯುತ್ತಲೇ ಗಾಡಿಯವರು ಹಿಂದೆ ಸರಿದರು. ಕಡೆಗೆ ಒಬ್ಬನು ಎರಡು ಪಟ್ಟು ಬಾಡಿಗೆಗೆ ಒಪ್ಪಿ, ಎತ್ತುಗಳನ್ನು ಮಕ್ಕಳೇ ಹೊಡೆಯಬೇಕೆಂದೂ ತಾನು ಪಕ್ಕದಲ್ಲಿ ನಡೆದು ಬರುವೆನೆಂದೂ ಕರಾರು ಹಾಕಿದನು. ಬುತ್ತಿಯಿದ್ದರೂ ಇಡೀ ರಾತ್ರಿ ಒಂದು ಗುಟುಕು ನೀರು ಸಿಕ್ಕಲಿಲ್ಲ.

ಮುಂದೆ ಕುಟುಂಬ ಮುಂಬಯಿಗೆ ಬಂದು ಪರೇಲಿನ ಒಂದು ಚಾಳಿನಲ್ಲಿ ಒಂದೇ ಕೋಣೆಯಲ್ಲಿ ನೆಲಸಿತು. ಅಡಿಗೆ, ಮಲಗುವುದು, ಓದುವುದು, ಸೌದೆಯ ರಾಶಿ, ಎಲ್ಲವೂ ಅದೇ ಕೋಣೆಯಲ್ಲಿ. ಇಂಥ ಮನೆಯಲ್ಲಿ ಮಗನು ಓದುವುದೆಲ್ಲಿ? ರಾಮಜಿಯವರು ಒಂದು ಉಪಾಯ ಮಾಡಿದರು. ಮಗನನ್ನು ಬೇಗ ಮಲಗಿಸಿ, ತಾವು ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಾಗಿದ್ದು, ಆಮೇಲೆ ಅವನನ್ನು ಎಬ್ಬಿಸಿ ತಾವು ಅದೇ ಜಾಗದಲ್ಲಿ ಮಲಗುತ್ತಿದ್ದರು. ಊರೆಲ್ಲ ನಿದ್ರಿಸುವಾಗ ಮಿಣುಕುವ ದೀಪದ ಮುಂದೆ ಮಗನ ಓದು ಬೆಳಗಿನವರೆಗೆ ಸಾಗುತ್ತಿತ್ತು. ಪುಸ್ತಕ ಬೇಕೆಂದರೆ ತಂದೆ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಅವರ ಒಡವೆಯನ್ನು ಕೇಳಿ ತಂದು ಅಡವಿಡುತ್ತಿದ್ದರು. ಪಿಂಚಣಿ ಬಂದಾಗ ಬಿಡಿಸಿಕೊಡುತ್ತಿದ್ದರು. ಎಲ್ಫಿನ್‌ಸ್ಟನ್ ಪ್ರೌಢಶಾಲೆಯಲ್ಲಿಯೂ ಅವಮಾನ ತಪ್ಪಲಿಲ್ಲ. ಸಂಸ್ಕೃತವನ್ನು ಕಲಿಯುವ ಆಸೆಯಿದ್ದರೂ ಅವಕಾಶ ದೊರೆಯದೆ ಫಾರಸಿಯನ್ನು ತೆಗೆದುಕೊಳ್ಳಬೇಕಾಯಿತು.

1907ರಲ್ಲಿ ಅವರು ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಒಟ್ಟು 750 ಅಂಕಗಳಲ್ಲಿ 282. ಇಂದಿನ ನಮ್ಮ ತಾಯ್ತಂದೆಗಳು ಈ ಅಂಕಗಳನ್ನು ನೋಡಿ ಮಗನನ್ನು ಗದರಿಸುತ್ತಿದ್ದರೋ ಏನೋ! ಅಂದು ಮಾತ್ರ ಆ ಜನರು ಅಭಿನಂದನೆಯ ಸಭೆಯನ್ನೇ ಕೂಡಿಸಿದರು. ಆ ಸಭೆಯಲ್ಲಿ ಕೃಷ್ಣಾಜಿ ಅರ್ಜುನ ಕೆಳೂಸಕರರೆಂಬ ಅಧ್ಯಾಪಕರಿದ್ದರು. ಉದ್ಯಾನದಲ್ಲಿ ದಿನಾಲು ಪುಸ್ತಕ ಹಿಡಿದು ಕುಳಿತಿರುತ್ತಿದ್ದ ಈ ಹುಡುಗನನ್ನು ಅವರು ಮೊದಲೇ ಗುರುತಿಸಿದ್ದರು. ತಾವು ಬರೆದ ಬುದ್ಧಚರಿತ್ರೆಯನ್ನು ಅವನಿಗೆ ಕೊಟ್ಟರು. ಮುಂದೆ ಹಣವಿಲ್ಲದೆ ಓದು ನಿಲ್ಲುವ ಹೊತ್ತಿಗೆ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಬಳಿಗೆ ಅವನನ್ನು ಕರೆದೊಯ್ದವರೂ ಅವರೇ. ಮಹಾರಾಜರು ತಿಂಗಳಿಗೆ 25 ರೂಪಾಯಿಗಳ ವಿದ್ಯಾರ್ಥಿವೇತನವನ್ನು ದಯಪಾಲಿಸಿದರು. 1912ರಲ್ಲಿ ಭೀಮರಾಯರು ಬಿ.ಎ. ಮುಗಿಸಿದರು. ಮರುವರ್ಷದ ಫೆಬ್ರವರಿಯಲ್ಲಿ ರಾಮಜಿಯವರು ಕಣ್ಮುಚ್ಚಿದರು.

ಬರೋಡೆಯ ವೇತನದ ಮೇಲೆ ಅವರು 1913ರಲ್ಲಿ ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ತೆರಳಿದ್ದು, 1916ರಲ್ಲಿ ಲಂಡನ್ನಿಗೆ ಹೋದದ್ದು, ವೇತನದ ಅವಧಿ ಮುಗಿದು ಮಧ್ಯದಲ್ಲಿಯೇ ಹಿಂದಿರುಗಿದ್ದು ಎಲ್ಲರೂ ಬಲ್ಲ ಸಂಗತಿಗಳು. ನಾವು ನಿಂತು ನೋಡಬೇಕಾದದ್ದು 1917ರ ಬರೋಡೆಯ ಪ್ರಸಂಗವನ್ನು. ಕರಾರಿನಂತೆ ಸಂಸ್ಥಾನದ ಸೇವೆಗೆ ಸೇರಲು ಅವರು ಅಲ್ಲಿಗೆ ಬಂದರು. ದೊಡ್ಡ ಹುದ್ದೆ ಸಿದ್ಧವಿತ್ತು. ತಲೆಯೂರಲು ಒಂದು ಕೋಣೆ ಸಿದ್ಧವಿರಲಿಲ್ಲ. ಹಿಂದೂಗಳ ವಸತಿಗೃಹಗಳಲ್ಲಿ ಪ್ರವೇಶವಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರನ್ನಿಟ್ಟುಕೊಂಡು ಕೆಲವು ದಿನ ತಂಗಿದರು. ಗುಟ್ಟು ಬಯಲಾದಾಗ ದೊಣ್ಣೆ ಹಿಡಿದ ಗುಂಪು ಬಂದು ಬಾಗಿಲಲ್ಲಿ ನಿಂತಿತು. ಎರಡು ಖಂಡಗಳಲ್ಲಿ ವಿದ್ಯೆ ಕಲಿತು ಬಂದ ಆ ತರುಣನು ಸಾರ್ವಜನಿಕ ಉದ್ಯಾನದ ಒಂದು ಮರದ ಕೆಳಗೆ ಕುಳಿತು ಅತ್ತನು. ರಾತ್ರಿಯ ರೈಲಿಗೆ ಮುಂಬಯಿಗೆ ಹೊರಟುಹೋದನು. ಬೆತ್ಲೆಹೇಮಿನ ಛತ್ರದಲ್ಲಿ ಸ್ಥಳವಿರಲಿಲ್ಲವೆಂದು ಪ್ರತಿ ಕ್ರಿಸ್‌ಮಸ್ ರಾತ್ರಿ ಓದಿ ಕೇಳಿಸುವ ನಮಗೆ ಇದು ಹೊಸ ಮಾತಲ್ಲ. ಅವರು ಮುಂದೆ ವಿದ್ಯೆಗಾಗಿ ಮಾಡಿದ ಮೊದಲ ದೊಡ್ಡ ಕೆಲಸ ಶಾಲೆಯನ್ನು ತೆರೆಯುವುದಾಗಿರದೆ ವಸತಿಯನ್ನು ಕಟ್ಟುವುದಾಗಿತ್ತು. ಅದರ ಬೇರು ಆ ಮರದ ಕೆಳಗಿತ್ತೆಂದು ನಾವು ಎಣಿಸುತ್ತೇವೆ.

ಈ ವಿಚಾರದಲ್ಲಿ ಅವರಿಗೆ ಮೊದಲು ದಾರಿ ಹಾಕಿದ್ದವರು ಕೊಲ್ಹಾಪುರದ ಶಾಹೂ ಮಹಾರಾಜರು. ಮಹಾರಾಜರ ತಾಯಿ ನಮ್ಮ ಮುಧೋಳ ಸಂಸ್ಥಾನದ ಮಗಳು. ಮಹಾರಾಜರು ಬಾಲ್ಯದಲ್ಲಿ 1890ರಿಂದ 1894ರವರೆಗೆ ಧಾರವಾಡದಲ್ಲಿಯೇ ಇದ್ದು ಫ್ರೇಜರ್ ಎಂಬ ಆಂಗ್ಲ ಅಧಿಕಾರಿಯ ಕೈಕೆಳಗೆ ಓದಿದವರು. ಕೊಲ್ಹಾಪುರದಲ್ಲಿ ಮರಾಠರಿಗೆ, ಜೈನರಿಗೆ, ಮುಸಲ್ಮಾನರಿಗೆ, ಲಿಂಗಾಯತರಿಗೆ, ಅಸ್ಪೃಶ್ಯರೆನಿಸಿಕೊಂಡವರಿಗೆ, ಕ್ರೈಸ್ತರಿಗೂ ಸಹ ಬೇರೆ ಬೇರೆ ವಿದ್ಯಾರ್ಥಿ ನಿಲಯಗಳು ಅವರ ಆಶ್ರಯದಲ್ಲಿ ಎದ್ದವು. ಜಾತಿಗೊಂದು ನಿಲಯವೇಕೆಂದು ಇಂದು ಕೇಳಬಹುದು. ಒಂದೇ ಪಂಕ್ತಿಯಲ್ಲಿ ಉಣ್ಣಲು ಸಮಾಜ ಒಪ್ಪದ ಕಾಲದಲ್ಲಿ ಹುಡುಗರನ್ನು ಪಟ್ಟಣಕ್ಕೆ ತರಲು ಬೇರೆ ಹಾದಿ ಇರಲಿಲ್ಲವೆಂಬುದೇ ನಮ್ಮ ಉತ್ತರ. ಅಂಬೇಡ್ಕರರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದು ಕೂಡಿಸಿದ ಹಣದ ಜೊತೆಗೆ ಈ ಮಹಾರಾಜರ ನೆರವೂ ಸೇರಿ, 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ, 1923ರಲ್ಲಿ ಡಿ.ಎಸ್ಸಿ. ಪದವಿಯನ್ನೂ ಬ್ಯಾರಿಸ್ಟರ ಪದವಿಯನ್ನೂ ಪಡೆದು ಬಂದರು.

1924ರ ಜುಲೈ 20ರಂದು ಅವರು ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು. ಅದರ ಉದ್ದೇಶಗಳಲ್ಲಿ ವಿದ್ಯಾರ್ಥಿ ನಿಲಯಗಳನ್ನು ತೆರೆಯುವುದು ಮುಖ್ಯವಾದುದು. ಮುಂದಿನ ವರ್ಷದ ಜನವರಿ 4ರಂದು ಸೊಲ್ಲಾಪುರದಲ್ಲಿ ಮೊದಲ ನಿಲಯ ಆರಂಭವಾಯಿತು. ಸೊಲ್ಲಾಪುರವೆಂದರೆ ಕನ್ನಡ ಮಾತು ಬೀದಿಬೀದಿಯಲ್ಲಿ ಕೇಳಿಬರುವ ಊರು. ಅಲ್ಲಿನ ನಗರಸಭೆ ತಿಂಗಳಿಗೆ 40 ರೂಪಾಯಿ ಸಹಾಯಧನ ಕೊಟ್ಟಿತು. ಊಟ, ಬಟ್ಟೆ, ಪುಸ್ತಕಗಳ ಭಾರವನ್ನು ಸಭೆ ಹೊತ್ತಿತು. ಅದೇ 1925ರ ಎಪ್ರಿಲ್ ತಿಂಗಳಲ್ಲಿ ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತರ ಪ್ರಾಂತೀಯ ಪರಿಷತ್ತಿಗೆ ಅವರು ಬಂದರು. ಅಲ್ಲಿಂದ ನಮ್ಮ ಸೀಮೆಯೊಡನೆ ಅವರ ಸಂಬಂಧ ಗಟ್ಟಿಯಾಯಿತು.

1927ರಲ್ಲಿ ಅವರು ಮುಂಬಯಿ ಶಾಸನ ಸಭೆಯ ಸದಸ್ಯರಾದರು. ಆ ಮಾರ್ಚಿನಲ್ಲಿಯೇ ವಿದ್ಯಾಖಾತೆಯ ಮುಂಗಡಪತ್ರದ ಮೇಲೆ ಮಾತನಾಡುತ್ತ ಒಂದು ಲೆಕ್ಕವನ್ನು ಸಭೆಯ ಮುಂದಿಟ್ಟರು. ಪ್ರಾಥಮಿಕ ಶಾಲೆಗೆ ಸೇರುವ 100 ಮಕ್ಕಳಲ್ಲಿ ನಾಲ್ಕನೆಯ ಇಯತ್ತೆಯನ್ನು ಮುಟ್ಟುವವರು ಕೇವಲ 18 ಮಂದಿ. ಉಳಿದ 82 ಮಂದಿ ಕಲಿತದ್ದನ್ನೂ ಮರೆತು ನಿರಕ್ಷರರಾಗಿಯೇ ಉಳಿಯುತ್ತಾರೆ. ಬಿತ್ತುವವನ ಸಾಮತಿಯಲ್ಲಿ ಬಂಡೆಯ ಮೇಲೆ ಬಿದ್ದ ಬೀಜದ ವಿಷಯವನ್ನು ನಾವು ಪೀಠದಿಂದ ಎಷ್ಟೋ ಸಲ ವಿವರಿಸಿದ್ದೇವೆ. ಇಂಥ ಎಣಿಕೆ ಮಾಡಿ ನೋಡುವ ಬುದ್ಧಿ ಮಾತ್ರ ನಮಗೆ ಬಹಳ ತಡವಾಗಿ ಬಂದಿತು.

ಅದೇ ಸಂದರ್ಭದಲ್ಲಿ ಅವರು ಆಡಿದ ಇನ್ನೊಂದು ಮಾತು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಿರಬೇಕು. ವಿದ್ಯಾರ್ಥಿವೇತನದಿಂದಲೇ ಓದಿ ಮೇಲೆ ಬಂದ ಅವರು, ಸರಕಾರವು ಹಿಂದುಳಿದವರಿಗೆ ಹಂಚುತ್ತಿದ್ದ ಬಿಡಿ ವೇತನಗಳು ಹಣವನ್ನು ಪೋಲು ಮಾಡುವ ಪದ್ಧತಿಯೆಂದರು. ಆ ಹಣವನ್ನು ವಿದ್ಯಾರ್ಥಿ ನಿಲಯಗಳಿಗೆ ಕೊಡಬೇಕೆಂಬುದು ಅವರ ವಾದ. ಇದರ ಹಿಂದಿನ ಅನುಭವವನ್ನು ನಮ್ಮ ಹಳ್ಳಿಗಳನ್ನು ಬಲ್ಲವರೆಲ್ಲ ಒಪ್ಪುವರು. ವೇತನದ ನಾಲ್ಕು ರೂಪಾಯಿ ಹಸಿದ ಮನೆಗೆ ಬಂದರೆ ಅದು ಜೋಳವಾಗುತ್ತದೆ, ತಂದೆಯನ್ನು ದೂರುವಂತಿಲ್ಲ. ಮನೆಯಲ್ಲಿ ದೀಪವಿಲ್ಲ, ಓದು ತಿಳಿಯದಿದ್ದರೆ ಕೇಳಲು ಯಾರೂ ಇಲ್ಲ, ಸುಗ್ಗಿ ಬಂದರೆ ಕೈಗಳು ಬೇಕು. ರಾಮಜಿ ಸುಬೇದಾರರಂತೆ ರಾತ್ರಿ ಎರಡು ಗಂಟೆಯವರೆಗೆ ಎದ್ದಿದ್ದು ಮಗನನ್ನು ಎಬ್ಬಿಸುವ ತಂದೆ ಎಷ್ಟು ಮನೆಗಳಲ್ಲಿದ್ದಾನು? ತಮಗೆ ದೊರೆತ ತಂದೆ ಮತ್ತು ಕೆಳೂಸಕರರು ಎಲ್ಲರಿಗೂ ದೊರೆಯುವುದಿಲ್ಲವೆಂಬುದನ್ನು ಅಂಬೇಡ್ಕರರು ಅರಿತಿದ್ದರು. ಆ ತಂದೆಯ ಕೆಲಸವನ್ನೂ ಆ ಗುರುವಿನ ಕೆಲಸವನ್ನೂ ಒಂದು ಮನೆ ಮಾಡಬೇಕು: ಹೊತ್ತಿಗೆ ಊಟ, ಹೊತ್ತಿಗೆ ದೀಪ, ಗದರಿಸಿ ಕೂರಿಸಲು ಒಬ್ಬ ಮೇಲ್ವಿಚಾರಕ, ಜೊತೆಯಲ್ಲಿ ಅದೇ ಪರೀಕ್ಷೆಗೆ ಓದುವ ಗೆಳೆಯರು.

1928ರ ಜೂನ್ 14ರಂದು ಅವರು ದಲಿತವರ್ಗ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಪ್ರೌಢಶಾಲೆಯಲ್ಲಿ ಓದುವ ದಲಿತ ವಿದ್ಯಾರ್ಥಿಗಳಿಗಾಗಿ ಮುಂಬಯಿ ಸರಕಾರವು ಒಪ್ಪಿದ ನಿಲಯಗಳನ್ನು ನಡೆಸುವ ಹೊಣೆ ಈ ಸಂಸ್ಥೆಗೆ ಬಂತು. ಪನ್ವೇಲ, ಠಾಣೆ, ನಾಸಿಕ, ಪುಣೆಗಳ ಜೊತೆಗೆ ಕನ್ನಡ ಜಿಲ್ಲೆಗಳಿಗಾಗಿ ಧಾರವಾಡದಲ್ಲಿಯೂ ನಿಲಯ ನಡೆಯಿತು. ಸರಕಾರದ ಸಹಾಯ ಸಾಲದೆ ಉಳಿದ ಹಣಕ್ಕಾಗಿ ಬ್ಯಾರಿಸ್ಟರರು ದಾನಿಗಳ ಬಾಗಿಲುಗಳನ್ನು ತಟ್ಟಬೇಕಾಯಿತು. ಧಾರವಾಡದ ಆಯ್ಕೆ ಸಹಜವಾದುದು. ಅಲ್ಲಿ ಹಳೆಯ ಪ್ರೌಢಶಾಲೆಗಳಿದ್ದವು; 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಗಿತ್ತು. ಹುಡುಗನು ಶಾಲೆಗೆ ಹೋಗುವ ದಾರಿಯಲ್ಲಿಯೇ ಕಾಲೇಜಿಗೆ ಹೋಗುವವರನ್ನು ದಿನಾಲು ನೋಡಬಹುದಾಗಿತ್ತು. ಇದು ಸಣ್ಣ ಸಂಗತಿಯಲ್ಲ. ಕಾಲೇಜೆಂಬುದನ್ನು ಕಣ್ಣಿನಿಂದ ಕಾಣದವನಿಗೆ ಅದರ ಆಸೆಯೂ ಹುಟ್ಟದು.

ನಿಪ್ಪಾಣಿಯ ಬಳವಂತರಾವ್ ವರಾಳೆಯವರು ಧಾರವಾಡದ ನಿಲಯದ ಮೇಲ್ವಿಚಾರಕರಾಗಿ ಅದನ್ನು ನೋಡಿಕೊಂಡರು. ಅಂಬೇಡ್ಕರರು ಧಾರವಾಡಕ್ಕೂ ಬಂದು ಹೋದರು. ಆ ದಿನಗಳಲ್ಲಿ ರೋಣದ ಕಡೆಯ ಹುಡುಗನೊಬ್ಬನು ಅಲ್ಲಿಗೆ ಹೋಗಬೇಕಾದರೆ ಎರೆಭೂಮಿಯ ಕೆಸರಿನಲ್ಲಿ ನಡೆದೋ ಗಾಡಿಯಲ್ಲಿ ಕುಳಿತೋ ಗದಗನ್ನು ಸೇರಿ, ಅಲ್ಲಿಂದ ಹುಬ್ಬಳ್ಳಿಯ ಮಾರ್ಗವಾಗಿ ರೈಲು ಹಿಡಿಯಬೇಕು. ಮನೆಯವರಿಗೆ ಅದು ಪರದೇಶವೇ ಸರಿ. ಮುಂಬಯಿ ಸರಕಾರವು 1928ರ ಕೊನೆಯಲ್ಲಿ ದಲಿತರ ಮತ್ತು ಬುಡಕಟ್ಟು ಜನರ ಸ್ಥಿತಿಯನ್ನು ವಿಚಾರಿಸಲು ನೇಮಿಸಿದ ಸಮಿತಿಯಲ್ಲಿ ಅಂಬೇಡ್ಕರರು ಸದಸ್ಯರಾಗಿದ್ದರು. ಅದರ ಅಧ್ಯಕ್ಷರಾದ ಸ್ಟಾರ್ಟ್ ಸಾಹೇಬರು ವಿಜಾಪುರ, ಹುಬ್ಬಳ್ಳಿ, ಗದಗುಗಳ ಸೆಟ್ಲಮೆಂಟುಗಳ ಮೂಲಕ ನಮ್ಮ ಭಾಗವನ್ನು ಚೆನ್ನಾಗಿ ಬಲ್ಲವರು. 1930ರ ಆ ಸಮಿತಿಯ ವರದಿಯಲ್ಲಿಯೂ ವಿದ್ಯಾರ್ಥಿ ನಿಲಯಗಳ ವಿಷಯ ಬಂದಿತು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಗುರುಮಠದಿಂದ ಹೊರಬಂದ ಕೆಲವು ವರ್ಷಗಳಲ್ಲಿ ನಮಗೆ ಒಂದು ಬೋರ್ಡಿಂಗಿನ ಮೇಲ್ವಿಚಾರಣೆಯನ್ನು ವಹಿಸಿದ್ದರು. ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ, ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗನೊಬ್ಬನು ಕ್ರಿಸ್‌ಮಸ್ ರಜೆಗೆ ಊರಿಗೆ ಹೋದವನು ಮರಳಿ ಬರಲಿಲ್ಲ. ಸುಗ್ಗಿಯ ಕಾಲ. ನಾವು ಅವನ ತಂದೆಗೆ ಒಂದು ಕಾರ್ಡು ಬರೆದೆವು. ಇಂಥ ತಾರೀಖಿನೊಳಗೆ ಬಾರದಿದ್ದರೆ ಸ್ಥಳವನ್ನು ಬೇರೆಯವರಿಗೆ ಕೊಡಲಾಗುವುದೆಂದು ನಿಯಮದಂತೆ ಬರೆದೆವು. ಅವನು ಬರಲಿಲ್ಲ, ಸ್ಥಳವನ್ನು ಬೇರೆಯವನಿಗೆ ಕೊಟ್ಟೆವು. ಬಹಳ ವರ್ಷಗಳ ಮೇಲೆ ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಗೌಂಡಿ ಕೆಲಸದ ಚೀಲ ಹಿಡಿದವನೊಬ್ಬನು ಬಂದು ನಮಸ್ಕರಿಸಿದನು. ಆ ಕಾರ್ಡಿನ ಮಾತು ಬಂತು. ಅವರ ಮನೆಯಲ್ಲಿ ಓದು ಬಲ್ಲವನು ಅವನೊಬ್ಬನೇ. ಕಾರ್ಡನ್ನು ತಂದೆಗೆ ಅವನೇ ಓದಿ ಹೇಳಿದ್ದನು. ನಿಲಯದಲ್ಲಿ ತನ್ನ ಹೆಸರನ್ನು ಹೊಡೆದುಹಾಕುವರೆಂದು ತಿಳಿದ ತಂದೆ, ಇನ್ನು ಹೋಗಿ ಫಲವಿಲ್ಲವೆಂದು ಹೊಲಕ್ಕೆ ಕರೆದುಕೊಂಡು ಹೋದನಂತೆ. ಆ ಊರು ನಮ್ಮಿಂದ ಮೋಟಾರ ಸೈಕಲ್ಲಿನಲ್ಲಿ ಒಂದು ಗಂಟೆಯ ದಾರಿ. ನಾವು ಹೋಗಬಹುದಾಗಿತ್ತು. ಹುಡುಗನು ಆ ದಿನ ನಮ್ಮ ಮೇಲೆ ಯಾವ ಸಿಟ್ಟನ್ನೂ ತೋರಲಿಲ್ಲ. ಚಹಾ ಕುಡಿಯಿರೆಂದು ಒತ್ತಾಯಿಸಿದನು.

ಅಂಬೇಡ್ಕರರ ಜೀವನದ ಉಳಿದ ಭಾಗವನ್ನು ಓದುವಾಗ ನಮಗೆ ಕಾಣುವುದು ಅದೇ ಹುಡುಗನ ಹಿಂದೆ ಅವರು ಬಿಡದೆ ನಡೆದದ್ದು. ಮಹಾಡದ ಕೆರೆ, ದುಂಡುಮೇಜಿನ ಪರಿಷತ್ತುಗಳು, ಪುಣೆಯ ಒಪ್ಪಂದ ಇವೆಲ್ಲವನ್ನು ಪಠ್ಯಪುಸ್ತಕಗಳು ಹೇಳುತ್ತವೆ. 1942ರಲ್ಲಿ ವೈಸರಾಯರ ಕಾರ್ಯಕಾರಿ ಮಂಡಲದ ಸದಸ್ಯರಾದಾಗ ಅವರು ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಮನವಿಯೊಂದನ್ನು ಸಲ್ಲಿಸಿದರು. ಉಚ್ಚ ಶಿಕ್ಷಣಕ್ಕೆ ಹಣ ಒದಗಿಸಬೇಕೆಂಬುದು ಅದರ ಬೇಡಿಕೆಗಳಲ್ಲಿ ಒಂದು. ಮ್ಯಾಟ್ರಿಕ್ ನಂತರದ ವಿದ್ಯಾರ್ಥಿವೇತನದ ಕೇಂದ್ರ ಯೋಜನೆ 1944ರಿಂದ ನಡೆದುಬಂದದ್ದು ಇದರ ಫಲ. ಹುಡುಗನು ಮ್ಯಾಟ್ರಿಕ್ ದಾಟುವವರೆಗೆ ನಿಲಯ, ದಾಟಿದ ಮೇಲೆ ವೇತನ. ಆದರೆ ಅವನನ್ನು ಸೇರಿಸಿಕೊಳ್ಳುವ ಕಾಲೇಜು ಬೇಕಲ್ಲ? 1945ರಲ್ಲಿ ಪೀಪಲ್ಸ್ ಎಜ್ಯುಕೇಶನ್ ಸೊಸೈಟಿಯನ್ನು ಸ್ಥಾಪಿಸಿ, 1946ರ ಜೂನಿನಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದರು. ಹಗಲು ನೌಕರಿ ಮಾಡುವ ಬಡ ವಿದ್ಯಾರ್ಥಿಗಳಿಗೆ ಅನುಕೂಲವಾಗಲೆಂದು ಅಲ್ಲಿ ಮುಂಜಾನೆಯೇ ಪಾಠಗಳು ನಡೆಯುತ್ತಿದ್ದವು. 1950ರಲ್ಲಿ ಔರಂಗಾಬಾದಿನಲ್ಲಿ ಇನ್ನೊಂದು ಕಾಲೇಜು ಬಂತು. ಅದೇ ಮುಂದೆ ಮಿಲಿಂದ ಮಹಾವಿದ್ಯಾಲಯವೆಂದು ಹೆಸರಾಯಿತು.

1956ನೆಯ ಅಕ್ಟೋಬರ್ 14ರಂದು ಅವರು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ಅದೇ ಡಿಸೆಂಬರ್ 6ರಂದು ದಿಲ್ಲಿಯಲ್ಲಿ ನಿಧನರಾದರು. ಅವರನ್ನು ಹಿಂಬಾಲಿಸಿ ಬೌದ್ಧರಾದವರ ಮಕ್ಕಳಿಗೆ 1950ರ ರಾಷ್ಟ್ರಪತಿಗಳ ಆದೇಶದ ಕಾರಣದಿಂದ ಪರಿಶಿಷ್ಟ ಜಾತಿಯ ಸೌಲಭ್ಯಗಳು ಕೇಂದ್ರದಲ್ಲಿ ತಪ್ಪಿಹೋಗಿ, 1990ರಲ್ಲಿ ಮಾತ್ರ ಮರಳಿ ದೊರೆತವು. ಅಂದರೆ ಅವರೇ ಹಾಕಿಸಿದ ವೇತನದ ಮರದ ನೆರಳು ಅವರ ಹಿಂದೆ ನಡೆದವರಿಗೇ 34 ವರ್ಷ ಸಿಕ್ಕಲಿಲ್ಲ. ಅದೇ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಇಂದಿಗೂ ಆ ಪಟ್ಟಿಯ ಹೊರಗಿದ್ದಾರೆ. ಈ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರಕಾರವು 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಸೇರಿಸಲಾಗಿದೆ. ಇದನ್ನರಿಯದೆ ಎಷ್ಟೋ ಮನೆಗಳವರು ಅರ್ಜಿಯನ್ನೇ ಹಾಕದೆ ಬಿಡುವುದನ್ನೂ, ತಪ್ಪು ಅಂಕಣದಲ್ಲಿ ಗುರುತು ಹಾಕಿ ವರ್ಷ ಕಳೆದುಕೊಳ್ಳುವುದನ್ನೂ ನಾವು ಕಣ್ಣಾರೆ ಕಂಡಿದ್ದೇವೆ.

ಆದುದರಿಂದ ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ, ಪ್ರತಿ ಭಾನುವಾರ ಬಲಿಪೂಜೆಯ ನಂತರ, ನಮ್ಮ ಯುವಜನರು ಗುರುನಿವಾಸದ ಜಗುಲಿಯಲ್ಲಿ ಕುಳಿತು ಸರಕಾರಿ ವಿದ್ಯಾರ್ಥಿ ನಿಲಯಗಳ ಮತ್ತು ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಕೊಡುವರು. ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕಿನ ಪಾಸ್‌ಪುಸ್ತಕಗಳನ್ನು ತಾಯ್ತಂದೆಗಳು ಜೊತೆಗೆ ತರಬೇಕು. ದೂರದ ಹಳ್ಳಿಗಳಿಂದ ಬರಲಾಗದವರು ಹೇಳಿ ಕಳಿಸಿದರೆ ಸಾಕು. ಈ ಸಲ ಕಾರ್ಡು ಬರೆಯದೆ ನಾವೇ ಬರುತ್ತೇವೆ.